ಟರ್ಮಿನಲ್‌ನಿಂದಲೇ ಮೇಲ್ ಸರ್ವರ್ ನಿರ್ವಹಣೆ ಮತ್ತು ಭದ್ರತೆ: ಪೋಸ್ಟ್‌ಫಿಕ್ಸ್, ಡವ್‌ಕಾಟ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಮೇಲ್ ಸರ್ವರ್ ಹಾಕುವುದು ಒಂದು ದಿನದ ಕೆಲಸ. ಅದನ್ನು ಕಾಯುವುದು ದಿನಾ ಇರುವ ಕೆಲಸ. ಹಾಕುವುದರ ಬಗ್ಗೆ ಬೇಕಾದಷ್ಟು ಬರಹಗಳಿವೆ, ಆದ್ದರಿಂದ ಇಲ್ಲಿ ಅದನ್ನು ಬಿಟ್ಟುಬಿಡುತ್ತೇನೆ. ನಿಮ್ಮ ಲಿನಕ್ಸ್ ಸರ್ವರ್‌ನಲ್ಲಿ ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವ, ಪಡೆಯುವ ಪ್ರೋಗ್ರಾಂ) ಮತ್ತು ಡವ್‌ಕಾಟ್ (ಬಳಕೆದಾರರಿಗೆ ಅವರ ಮೇಲ್ ತೋರಿಸುವ ಪ್ರೋಗ್ರಾಂ) ಈಗಾಗಲೇ ಓಡುತ್ತಿವೆ, ಮೇಲ್ ಹೋಗುತ್ತಿದೆ, ಬರುತ್ತಿದೆ ಎಂದುಕೊಳ್ಳೋಣ. ಉದಾಹರಣೆಗಳು ಡೆಬಿಯನ್, ಉಬುಂಟು ಕಡೆಯವು. ಬೇರೆ ಡಿಸ್ಟ್ರೋ ಆದರೆ ಫೈಲ್ ಇರುವ ಜಾಗ ಸ್ವಲ್ಪ ಬದಲಾಗಬಹುದು, ಕಮಾಂಡ್‌ಗಳು ಅವೇ.

ಒಂದು ಸೂಚನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲಿ, ಸಣ್ಣಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಹೆಚ್ಚಿನವಕ್ಕೆ ರೂಟ್ ಅಧಿಕಾರ ಬೇಕು, ಮುಂದೆ ಸುಡೋ ಸೇರಿಸಿಕೊಳ್ಳಿ. ಎಕ್ಸಾಂಪಲ್.ಕಾಮ್ ಎಂದಿರುವ ಕಡೆ ನಿಮ್ಮ ಡೊಮೇನ್ ಹಾಕಿ.

ಮೇಲ್ ಸರ್ವರ್‌ಗೆ ಕಂಟಕ ಬರುವುದು ಯಾರೋ ಮಹಾ ಹ್ಯಾಕರ್ ಕೂತು ಕೋಡ್ ಒಡೆಯುವುದರಿಂದ ಎಂದು ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಆಗುವುದು ಬೇರೆ. ಯಾರದ್ದೋ ಒಂದು ಖಾತೆಯ ಪಾಸ್‌ವರ್ಡ್ ಸೋರುತ್ತದೆ, ರಾತ್ರಿ ಪೂರ್ತಿ ಆ ಖಾತೆಯಿಂದ ಸ್ಪ್ಯಾಮ್ ಹೋಗುತ್ತದೆ, ಬೆಳಗ್ಗೆ ನಿಮ್ಮ ಐಪಿ ಬ್ಲ್ಯಾಕ್‌ಲಿಸ್ಟ್‌ನಲ್ಲಿರುತ್ತದೆ. ಕ್ಯೂ (ಕಳಿಸಲು ಕಾದಿರುವ ಮೇಲ್‌ಗಳ ಸಾಲು) ಮತ್ತು ಲಾಗ್ (ಸರ್ವರ್ ಬರೆದಿಡುವ ದಿನಚರಿ) ಓದಲು ಬರುವವರಿಗೆ ಇದು ಕೆಲವೇ ನಿಮಿಷದಲ್ಲಿ ಕಾಣುತ್ತದೆ. ಹಾಗಾಗಿ ಈ ಬರಹದಲ್ಲಿ ಸೆಟ್ಟಿಂಗ್‌ಗಿಂತ ನೋಡುವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಕೈ ಹಾಕಬೇಡಿ, ನೋಡಿ

ಯಾವ ಪೋರ್ಟ್‌ನಲ್ಲಿ ಏನು ಕೇಳುತ್ತಾ ಕೂತಿದೆ ಎಂಬುದರಿಂದ ಶುರು ಮಾಡಿ:

ಎಸ್‌ಎಸ್ -ಟಿಎಲ್‌ಎನ್‌ಪಿ

25, 465, 587 ಪೋಸ್ಟ್‌ಫಿಕ್ಸ್‌ನವು. 993 ಡವ್‌ಕಾಟ್‌ನದು. ಇವು ಹೊರಗೆ ತೆರೆದಿರಬೇಕು. ಆದರೆ ಡೇಟಾಬೇಸ್‌ನ 3306, ಆರ್‌ಸ್ಪ್ಯಾಮ್‌ಡಿ (ಸ್ಪ್ಯಾಮ್ ಸೋಸುವ ಪ್ರೋಗ್ರಾಂ) ಬಳಸುತ್ತಿದ್ದರೆ ಅದರ 11334 ಇವು 127.0.0.1 ಮೇಲೆ ಮಾತ್ರ ಕಾಣಬೇಕು. ಅವುಗಳ ಮುಂದೆ 0.0.0.0 ಕಂಡರೆ ಇಡೀ ಇಂಟರ್ನೆಟ್‌ಗೆ ಬಾಗಿಲು ತೆರೆದಿದೆ ಎಂದರ್ಥ. ಅದನ್ನು ಮೊದಲು ಸರಿ ಮಾಡಿ, ಉಳಿದದ್ದು ಆಮೇಲೆ. ಮೇಲ್ ಓದುವ ಹಳೆಯ ಪೋರ್ಟ್‌ಗಳಾದ 110 ಮತ್ತು 143 ತೆರೆದಿದ್ದರೆ, ಅವನ್ನು ನಿಜವಾಗಿ ಬಳಸುವವರು ಯಾರಾದರೂ ಇದ್ದಾರಾ ನೋಡಿ. ಇಲ್ಲದಿದ್ದರೆ ಮುಚ್ಚಿ.

ಆಮೇಲೆ ಈಗಿನ ಸೆಟ್ಟಿಂಗ್:

ಪೋಸ್ಟ್‌ಕಾನ್ಫ್ -ಎನ್
ಡವ್‌ಕಾನ್ಫ್ -ಎನ್

ಮೊದಲನೆಯದು ಮೇನ್.ಸಿಎಫ್ ಎಂಬ ಮುಖ್ಯ ಸೆಟ್ಟಿಂಗ್ ಫೈಲ್‌ನಲ್ಲಿ ಬರೆದಿರುವ ಸಾಲುಗಳನ್ನಷ್ಟೇ, ಎರಡನೆಯದು ಡಿಫಾಲ್ಟ್‌ಗಿಂತ ಬೇರೆಯಾಗಿರುವ ಸಾಲುಗಳನ್ನಷ್ಟೇ ತೋರಿಸುತ್ತದೆ. ನೂರಾರು ಸಾಲಿನ ಫೈಲ್ ಓದುವುದಕ್ಕಿಂತ ಇದು ಎಷ್ಟೋ ವಾಸಿ. ಯಾರ ಹತ್ತಿರವಾದರೂ ಸಹಾಯ ಕೇಳುವಾಗಲೂ ಇದನ್ನೇ ಕೊಡಿ. ಡೇಟಾಬೇಸ್ ಪಾಸ್‌ವರ್ಡ್ ಏನಾದರೂ ಅದರಲ್ಲಿ ಇದೆಯಾ ಎಂದು ಮೊದಲು ನೋಡಿಕೊಳ್ಳಿ, ಅಷ್ಟೇ.

ಪೋಸ್ಟ್‌ಫಿಕ್ಸ್ ಚೆಕ್

ಇದು ಫೈಲ್‌ಗಳ ಮಾಲೀಕತ್ವ, ಅನುಮತಿ, ಬಿಟ್ಟುಹೋದ ಡೈರೆಕ್ಟರಿ ಎಲ್ಲ ನೋಡುತ್ತದೆ. ಎಲ್ಲ ಸರಿ ಇದ್ದರೆ ಏನೂ ಹೇಳುವುದಿಲ್ಲ. ಸುಮ್ಮನಿದ್ದರೆ ಒಳ್ಳೆಯದು.

ಬದಲಾವಣೆ ಮಾಡುವ ಮುಂಚೆ /ಎಟ್ಸಿ ಡೈರೆಕ್ಟರಿಯನ್ನು ಗಿಟ್‌ನಲ್ಲಿ (ಫೈಲ್‌ಗಳ ಪ್ರತಿ ಬದಲಾವಣೆ ದಾಖಲಿಸುವ ಪ್ರೋಗ್ರಾಂ) ಇಟ್ಟುಕೊಳ್ಳಿ. ಎಟ್ಸಿಕೀಪರ್ ಎಂಬ ಪ್ಯಾಕೇಜ್ ಇದೇ ಕೆಲಸಕ್ಕೆ ಇದೆ. "ನಿನ್ನೆ ತನಕ ಸರಿ ಇತ್ತು, ಇವತ್ತು ಏನಾಯ್ತು" ಎಂಬ ಪ್ರಶ್ನೆಗೆ ಗಿಟ್ ಡಿಫ್ ಉತ್ತರ ಹೇಳುತ್ತದೆ.

ಎಸ್‌ಎಸ್‌ಎಚ್ ಮತ್ತು ಫೈರ್‌ವಾಲ್

ಬೇಗ ಮುಗಿಸೋಣ. ಸರ್ವರ್‌ಗೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ಕೀ ಬಳಸಿ, ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ. ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ ಫೈಲ್‌ನಲ್ಲಿ ಪಾಸ್‌ವರ್ಡ್‌ಆಥೆಂಟಿಕೇಶನ್ ಸಾಲಿಗೆ 'ನೋ' ಹಾಕಿದ ಮೇಲೆ ಎಸ್‌ಎಸ್‌ಎಚ್‌ಡಿ -ಟಿ ಓಡಿಸಿ ತಪ್ಪಿಲ್ಲ ಎಂದು ನೋಡಿ, ಆಮೇಲೆ ರೀಲೋಡ್ ಮಾಡಿ. ಈಗಿರುವ ಸೆಷನ್ ಮುಚ್ಚದೆ, ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಆಗುತ್ತದಾ ನೋಡಿ.

ಫೈರ್‌ವಾಲ್‌ಗೆ ಯುಎಫ್‌ಡಬ್ಲ್ಯೂ ಸಾಕು:

ಯುಎಫ್‌ಡಬ್ಲ್ಯೂ ಅಲೋ 22/ಟಿಸಿಪಿ
ಯುಎಫ್‌ಡಬ್ಲ್ಯೂ ಅಲೋ 25,465,587,993/ಟಿಸಿಪಿ
ಯುಎಫ್‌ಡಬ್ಲ್ಯೂ ಎನೇಬಲ್

ಈ ಕ್ರಮ ಮುಖ್ಯ. 22 ಅನ್ನು ಮೊದಲು ಬಿಡದೆ ಎನೇಬಲ್ ಕೊಟ್ಟರೆ ನಿಮ್ಮನ್ನೇ ಹೊರಗೆ ಹಾಕಿಕೊಂಡಂತೆ. ಎಸ್‌ಎಸ್‌ಎಚ್ ಬೇರೆ ಪೋರ್ಟ್‌ನಲ್ಲಿದ್ದರೆ ಆ ನಂಬರ್ ಹಾಕಿ.

ಕ್ಯೂ ಓದುವುದು

ಪೋಸ್ಟ್‌ಕ್ಯೂ -ಪಿ

ಹಳಬರು ಮೇಲ್‌ಕ್ಯೂ ಎಂದೇ ಟೈಪ್ ಮಾಡುತ್ತಾರೆ, ಎರಡೂ ಒಂದೇ. ಪ್ರತಿ ಮೇಲ್‌ಗೂ ಒಂದು ಕ್ಯೂ ಐಡಿ, ಗಾತ್ರ, ಬಂದ ಸಮಯ, ಕಳಿಸಿದವರು, ಪಡೆಯುವವರು ಕಾಣುತ್ತದೆ. ಐಡಿ ಪಕ್ಕ ನಕ್ಷತ್ರ ಇದ್ದರೆ ಈಗ ಕಳಿಸುವ ಪ್ರಯತ್ನ ನಡೆಯುತ್ತಿದೆ. ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ತಡೆಹಿಡಿಯಲಾಗಿದೆ. ಏನೂ ಇಲ್ಲದಿದ್ದರೆ ಅದು ಡಿಫರ್ಡ್, ಅಂದರೆ ಒಮ್ಮೆ ಹೋಗಿ ವಾಪಸ್ ಬಂದು ಕಾಯುತ್ತಿದೆ. ಕಾರಣ ಆವರಣದೊಳಗೆ ಕೆಳಗೇ ಬರೆದಿರುತ್ತದೆ. ಆ ಸಾಲನ್ನು ಪೂರ್ತಿ ಓದಿ. ಅರ್ಧ ಸಮಸ್ಯೆಗೆ ಉತ್ತರ ಅಲ್ಲೇ ಇರುತ್ತದೆ.

ಅಲ್ಲಿ ಕಾಣುವ ಕೋಡ್‌ಗಳಲ್ಲಿ ಮೊದಲ ಅಂಕಿ ನೋಡಿ. 4ರಿಂದ ಶುರುವಾದರೆ ತಾತ್ಕಾಲಿಕ, ಪೋಸ್ಟ್‌ಫಿಕ್ಸ್ ಮತ್ತೆ ಪ್ರಯತ್ನಿಸುತ್ತದೆ. 5ರಿಂದ ಶುರುವಾದರೆ ಆ ಕಡೆಯವರು ಖಂಡಿತ ಬೇಡ ಎಂದಿದ್ದಾರೆ, ಮೇಲ್ ಬೌನ್ಸ್ ಆಗುತ್ತದೆ. ಡಿಫಾಲ್ಟ್ ಪ್ರಕಾರ ಮರುಪ್ರಯತ್ನದ ಅಂತರ 300 ಸೆಕೆಂಡಿನಿಂದ ಶುರುವಾಗಿ 4000 ಸೆಕೆಂಡಿನ ತನಕ ಬೆಳೆಯುತ್ತದೆ. 5 ದಿನ ಆದರೂ ಹೋಗದಿದ್ದರೆ ಕಳಿಸಿದವರಿಗೆ ವಾಪಸ್.

ಮೇಲ್ ಒಳಗೆ ಏನಿದೆ ನೋಡಬೇಕಾದರೆ:

ಪೋಸ್ಟ್‌ಕ್ಯಾಟ್ -ವಿಕ್ಯೂ ಕ್ಯೂಐಡಿ

ಕ್ಯೂ ದೊಡ್ಡದಾಗಿದ್ದಾಗ ಒಂದೊಂದೇ ಓದುತ್ತಾ ಕೂರುವುದು ಆಗದ ಕೆಲಸ. ಆಗ ಕ್ಯೂಶೇಪ್ ಡಿಫರ್ಡ್ ಎಂಬ ಕಮಾಂಡ್ ಕೈಹಿಡಿಯುತ್ತದೆ. ಯಾವ ಡೊಮೇನ್‌ಗೆ ಎಷ್ಟು ಮೇಲ್ ನಿಂತಿದೆ, ಎಷ್ಟು ಹೊತ್ತಿನಿಂದ ಎಂದು ಕೋಷ್ಟಕದಲ್ಲಿ ತೋರಿಸುತ್ತದೆ. -ಎಸ್ ಸೇರಿಸಿದರೆ ಕಳಿಸಿದವರ ಡೊಮೇನ್ ಪ್ರಕಾರ ಲೆಕ್ಕ ಕೊಡುತ್ತದೆ. ಒಂದೇ ಡೊಮೇನ್ ಹೆಸರಲ್ಲಿ ಎಲ್ಲ ನಿಂತಿದ್ದರೆ ತೊಂದರೆ ಬಹುಶಃ ಆ ಕಡೆಯದು. ಹತ್ತಾರು ಡೊಮೇನ್‌ಗೆ ಹರಡಿಕೊಂಡಿದ್ದರೆ ತೊಂದರೆ ನಿಮ್ಮಲ್ಲಿದೆ.

ಪೋಸ್ಟ್‌ಕ್ಯೂ -ಎಫ್ ಇಡೀ ಕ್ಯೂವನ್ನು ಈಗಲೇ ಕಳಿಸಲು ಪ್ರಯತ್ನಿಸುತ್ತದೆ. ಇದನ್ನು ಮತ್ತೆ ಮತ್ತೆ ಒತ್ತುವ ಅಭ್ಯಾಸ ಬೇಡ. ಆ ಕಡೆಯ ಸರ್ವರ್ "ನಿಧಾನ ಮಾಡಿ" ಎಂದಾಗ ನಾವು ಇನ್ನಷ್ಟು ಬಾಗಿಲು ಬಡಿದರೆ ಅವರಿಗೆ ನಮ್ಮ ಮೇಲೆ ಅನುಮಾನ ಜಾಸ್ತಿಯಾಗುತ್ತದೆ, ಅಲ್ವಾ? ಒಂದೇ ಮೇಲ್ ಕಳಿಸಬೇಕಾದರೆ ಪೋಸ್ಟ್‌ಕ್ಯೂ -ಐ ಜೊತೆ ಅದರ ಐಡಿ ಕೊಡಿ.

ಅಳಿಸುವುದು ಪೋಸ್ಟ್‌ಸೂಪರ್ ಕೆಲಸ:

ಪೋಸ್ಟ್‌ಸೂಪರ್ -ಡಿ ಕ್ಯೂಐಡಿ
ಪೋಸ್ಟ್‌ಸೂಪರ್ -ಎಚ್ ಆಲ್

ಮೊದಲನೆಯದು ಒಂದು ಮೇಲ್ ಅಳಿಸುತ್ತದೆ. ಎರಡನೆಯದು ಕ್ಯೂನಲ್ಲಿ ಇರುವುದನ್ನೆಲ್ಲ ಹೋಲ್ಡ್‌ನಲ್ಲಿಡುತ್ತದೆ. ಇಲ್ಲಿ 'ಆಲ್' ಪೂರ್ತಿ ದೊಡ್ಡಕ್ಷರದಲ್ಲಿರಬೇಕು. ಹೋಲ್ಡ್ ಬಿಡಿಸಲು ಅದೇ ಕಮಾಂಡ್, ಆದರೆ 'ಎಚ್' ದೊಡ್ಡಕ್ಷರ. ಪೋಸ್ಟ್‌ಸೂಪರ್ -ಡಿ ಆಲ್ ಕೊಟ್ಟರೆ ಒಳ್ಳೆಯದು ಕೆಟ್ಟದ್ದು ಎಲ್ಲ ಹೋಗುತ್ತದೆ, ವಾಪಸ್ ಬರುವುದಿಲ್ಲ. ಗಾಬರಿಯಲ್ಲಿ ಕೈ ಅದಕ್ಕೇ ಹೋಗುತ್ತದೆ. ಬದಲಿಗೆ ಹೋಲ್ಡ್‌ನಲ್ಲಿಡಿ. ಮೇಲ್ ನಿಂತಲ್ಲೇ ನಿಲ್ಲುತ್ತದೆ, ನಿಮಗೆ ಯೋಚಿಸಲು ಸಮಯ ಸಿಗುತ್ತದೆ.

ಲಾಗ್‌ನಲ್ಲಿ ಒಂದು ಮೇಲ್‌ನ ಜಾಡು ಹಿಡಿಯುವುದು

ಲಾಗ್ ಇರುವುದು /ವಾರ್/ಲಾಗ್/ಮೇಲ್.ಲಾಗ್ ಫೈಲ್‌ನಲ್ಲಿ. ಡೆಬಿಯನ್ 12ರಿಂದ, ಇದನ್ನು ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ, ಆ ಫೈಲ್ ಇಲ್ಲದೆಯೂ ಇರಬಹುದು. ಆಗ ಜರ್ನಲ್‌ನಿಂದ ತೆಗೆಯಬೇಕು:

ಜರ್ನಲ್‌ಸಿಟಿಎಲ್ --ಸಿನ್ಸ್ "1 ಅವರ್ ಅಗೋ" | ಗ್ರೆಪ್ ಪೋಸ್ಟ್‌ಫಿಕ್ಸ್

ಮೇಲ್ ಸರ್ವರ್‌ಗೆ ಸಾದಾ ಪಠ್ಯದ ಲಾಗ್ ಫೈಲ್ ಇರುವುದೇ ಅನುಕೂಲ ಎಂಬುದು ನನ್ನ ಅಭಿಪ್ರಾಯ. ಆರ್‌ಸಿಸ್‌ಲಾಗ್ ಹಾಕಿಕೊಳ್ಳಿ, ತಪ್ಪೇನಿಲ್ಲ.

ಲಾಗ್ ಓದುವಾಗ ಒಂದು ಅಕ್ಷರದ ವ್ಯತ್ಯಾಸ ಗಮನಿಸಿ. ಎಸ್‌ಎಂಟಿಪಿಡಿ ಎಂದಿದ್ದರೆ ಮೇಲ್ ಒಳಗೆ ಬರುತ್ತಿದೆ. ಬರೀ ಎಸ್‌ಎಂಟಿಪಿ ಎಂದಿದ್ದರೆ ಹೊರಗೆ ಹೋಗುತ್ತಿದೆ. ಕೊನೆಯ 'ಡಿ' ನೋಡದೆ ಗಂಟೆಗಟ್ಟಲೆ ತಪ್ಪು ದಿಕ್ಕಿನಲ್ಲಿ ಹುಡುಕುವವರಿದ್ದಾರೆ. ಕ್ಯೂ ಐಡಿ ಸಿಕ್ಕಿದರೆ ಅದನ್ನೇ ಗ್ರೆಪ್ ಮಾಡಿ. ಆ ಮೇಲ್‌ನ ಹುಟ್ಟಿನಿಂದ ಕೊನೆಯ ತನಕದ ಕಥೆ ಬರುತ್ತದೆ: ಯಾವ ಐಪಿಯಿಂದ ಬಂತು, ಯಾರು ಕಳಿಸಿದರು, ಎಷ್ಟು ಜನರಿಗೆ, ಎಲ್ಲಿಗೆ ಹೋಯಿತು, ಕೊನೆಗೆ 'ರಿಮೂವ್ಡ್'.

ಹೊರಹೋಗುವ ಸಾಲಿನ ಕೊನೆ ಹೀಗಿರುತ್ತದೆ:

ಡಿಲೇ=12, ಡಿಲೇಸ್=0.2/0/10/1.8, ಡಿಎಸ್‌ಎನ್=2.0.0, ಸ್ಟೇಟಸ್=ಸೆಂಟ್

ಸ್ಟೇಟಸ್ ಎಲ್ಲರೂ ನೋಡುತ್ತಾರೆ. ಡಿಲೇಸ್‌ನ ನಾಲ್ಕು ಅಂಕಿಗಳನ್ನು ನೋಡುವವರು ಕಡಿಮೆ. ಮೊದಲನೆಯದು ಮೇಲ್ ಕ್ಯೂಗೆ ಸೇರಲು ಹಿಡಿದ ಸಮಯ. ಎರಡನೆಯದು ಕ್ಯೂ ಮ್ಯಾನೇಜರ್‌ನಲ್ಲಿ ಕಳೆದದ್ದು. ಮೂರನೆಯದು ಡಿಎನ್‌ಎಸ್ (ಹೆಸರಿಗೆ ಐಪಿ ಹುಡುಕುವುದು), ಸಂಪರ್ಕ, ಟಿಎಲ್‌ಎಸ್‌ಗೆ (ಸಂಪರ್ಕಕ್ಕೆ ಹಾಕುವ ಗೂಢಲಿಪಿಯ ಬೀಗ) ಹೋದದ್ದು. ನಾಲ್ಕನೆಯದು ಮೇಲ್ ಸಾಗಿಸಲು ಹಿಡಿದದ್ದು. ಮೇಲಿನ ಸಾಲಿನಲ್ಲಿ 12 ಸೆಕೆಂಡಿಗೆ 10 ಸೆಕೆಂಡು ಸಂಪರ್ಕಕ್ಕೇ ಹೋಗಿದೆ. ಸುಮಾರು ಸಾಲುಗಳಲ್ಲಿ ಹೀಗೇ ಕಂಡರೆ ನಿಮ್ಮ ಡಿಎನ್‌ಎಸ್ ರಿಸಾಲ್ವರ್ ನೋಡಿ. ಪೋಸ್ಟ್‌ಫಿಕ್ಸ್‌ನ ತಪ್ಪಿಲ್ಲ.

ಓಪನ್ ರಿಲೇ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಿ

ಯಾರು ಬೇಕಾದರೂ ಯಾರಿಗೆ ಬೇಕಾದರೂ ನಿಮ್ಮ ಸರ್ವರ್ ಮೂಲಕ ಮೇಲ್ ಕಳಿಸಬಹುದಾದರೆ ಅದು ಓಪನ್ ರಿಲೇ. ಪೋಸ್ಟ್‌ಫಿಕ್ಸ್ ಡಿಫಾಲ್ಟ್ ಆಗಿ ಇದನ್ನು ಬಿಡುವುದಿಲ್ಲ. ಆದರೆ ಮೈನೆಟ್‌ವರ್ಕ್ಸ್ ಸಾಲಿನಲ್ಲಿ ದೊಡ್ಡ ಐಪಿ ವ್ಯಾಪ್ತಿ ಹಾಕಿದರೆ ಬಾಗಿಲು ತೆರೆದಂತೆಯೇ.

ಪೋಸ್ಟ್‌ಕಾನ್ಫ್ ಮೈನೆಟ್‌ವರ್ಕ್ಸ್ ಎಸ್‌ಎಂಟಿಪಿಡಿ_ರಿಲೇ_ರಿಸ್ಟ್ರಿಕ್ಷನ್ಸ್

ಮೈನೆಟ್‌ವರ್ಕ್ಸ್‌ನಲ್ಲಿ 127.0.0.0/8 ಮತ್ತು ಐಪಿವಿ6ನ ಲೋಕಲ್ ವಿಳಾಸ ಇದ್ದರೆ ಸಾಕು. ಎರಡನೆಯದರ ಕೊನೆಯಲ್ಲಿ ರಿಜೆಕ್ಟ್_ಅನ್ಆತ್_ಡೆಸ್ಟಿನೇಶನ್ ಅಥವಾ ಡಿಫರ್_ಅನ್ಆತ್_ಡೆಸ್ಟಿನೇಶನ್ ಇರಲೇಬೇಕು.

ಸೆಟ್ಟಿಂಗ್ ಓದಿ ನಂಬಬೇಡಿ, ಹೊರಗಿನ ಯಂತ್ರದಿಂದ ಪರೀಕ್ಷಿಸಿ. ಸ್ವಾಕ್ಸ್ ಎಂಬ ಸಣ್ಣ ಪ್ರೋಗ್ರಾಂ ಇದಕ್ಕೆ ಒಳ್ಳೆಯದು. ಅದಿಲ್ಲದಿದ್ದರೆ ಟೆಲ್ನೆಟ್‌ನಿಂದ 25ಕ್ಕೆ ಸೇರಿ ಕೈಯಲ್ಲೇ ಮಾತಾಡಬಹುದು. ಎಸ್‌ಎಂಟಿಪಿ 1982ರ ಪ್ರೋಟೋಕಾಲ್, ಈಗಲೂ ಮನುಷ್ಯರು ಟೈಪ್ ಮಾಡುವಷ್ಟು ಸರಳವಾಗಿದೆ:

ಇಎಚ್‌ಎಲ್‌ಒ ಟೆಸ್ಟ್.ಎಕ್ಸಾಂಪಲ್.ನೆಟ್
ಮೇಲ್ ಫ್ರಮ್:<ಎ@ಎಕ್ಸಾಂಪಲ್.ನೆಟ್>
ಆರ್‌ಸಿಪಿಟಿ ಟು:<ಬಿ@ಎಕ್ಸಾಂಪಲ್.ಆರ್ಗ್>

ಕಳಿಸುವವರು, ಪಡೆಯುವವರು ಇಬ್ಬರೂ ನಿಮ್ಮ ಡೊಮೇನ್‌ನವರಾಗಿರಬಾರದು. ಮೂರನೇ ಸಾಲಿಗೆ 'ರಿಲೇ ಆಕ್ಸೆಸ್ ಡಿನೈಡ್' ಎಂಬ ಉತ್ತರ ಬರಬೇಕು. ರಿಜೆಕ್ಟ್ ಹಾಕಿದ್ದರೆ 554, ಡಿಫರ್ ಹಾಕಿದ್ದರೆ 454. ಉತ್ತರ 250 ಬಂದರೆ ಎಲ್ಲ ಕೆಲಸ ಬಿಟ್ಟು ಇದನ್ನು ಸರಿ ಮಾಡಿ. ಕೆಲವು ಇಂಟರ್ನೆಟ್ ಪೂರೈಕೆದಾರರು ಹೊರಹೋಗುವ 25ನ್ನು ತಡೆಯುತ್ತಾರೆ. ಸಂಪರ್ಕವೇ ಆಗದಿದ್ದರೆ ಬೇರೆ ಸರ್ವರ್‌ನಿಂದ ಪ್ರಯತ್ನಿಸಿ.

ಜೊತೆಗೆ ಒಂದು ಸಣ್ಣ ಕೆಲಸ: ಡಿಸೇಬಲ್_ವಿಆರ್‌ಎಫ್‌ವೈ_ಕಮಾಂಡ್‌ಗೆ 'ಯೆಸ್' ಹಾಕಿ. ಯಾವ ಖಾತೆಗಳಿವೆ ಎಂದು ಆ ದಾರಿಯಲ್ಲಿ ಕೇಳಿ ತಿಳಿಯುವುದು ನಿಲ್ಲುತ್ತದೆ.

ಟಿಎಲ್‌ಎಸ್: 25ಕ್ಕೆ ಒಂದು ನಿಯಮ, ಉಳಿದವಕ್ಕೆ ಇನ್ನೊಂದು

ಇಲ್ಲಿ ತುಂಬಾ ಜನ ಎಡವುತ್ತಾರೆ. 587 ಮತ್ತು 465 ನಿಮ್ಮ ಬಳಕೆದಾರರು ಬರುವ ದಾರಿ. ಅಲ್ಲಿ ಟಿಎಲ್‌ಎಸ್ ಕಡ್ಡಾಯ ಮಾಡಿ. ಯಾರಿಗೂ ರಿಯಾಯಿತಿ ಬೇಡ:

ಪೋಸ್ಟ್‌ಕಾನ್ಫ್ -ಪಿ 'ಸಬ್ಮಿಶನ್/ಐನೆಟ್/ಎಸ್‌ಎಂಟಿಪಿಡಿ_ಟಿಎಲ್‌ಎಸ್_ಸೆಕ್ಯುರಿಟಿ_ಲೆವೆಲ್=ಎನ್‌ಕ್ರಿಪ್ಟ್'
ಪೋಸ್ಟ್‌ಕಾನ್ಫ್ -ಇ 'ಎಸ್‌ಎಂಟಿಪಿಡಿ_ಟಿಎಲ್‌ಎಸ್_ಮ್ಯಾಂಡೇಟರಿ_ಪ್ರೋಟೋಕಾಲ್ಸ್ = >=ಟಿಎಲ್‌ಎಸ್‌ವಿ1.2'

ಮೊದಲ ಸಾಲಿನ -ಪಿ ದೊಡ್ಡಕ್ಷರ. ಎರಡನೆಯದರಲ್ಲಿ 'ಟಿಎಲ್‌ಎಸ್‌ವಿ1.2' ಬರೆಯುವಾಗ ಮೊದಲ ಮೂರು ಅಕ್ಷರ ದೊಡ್ಡವು. ಹೆಚ್ಚು-ಸಮ ಚಿಹ್ನೆ ಹಾಕುವ ಈ ರೀತಿ ಪೋಸ್ಟ್‌ಫಿಕ್ಸ್ 3.6ರಿಂದ ಮಾತ್ರ ನಡೆಯುತ್ತದೆ. ಟಿಎಲ್‌ಎಸ್ 1.0 ಮತ್ತು 1.1ನ್ನು 2021ರಲ್ಲೇ ಅಧಿಕೃತವಾಗಿ ಕೈಬಿಡಲಾಗಿದೆ, ಈಗಿನ ಯಾವ ಮೇಲ್ ಆ್ಯಪ್‌ಗೂ ತೊಂದರೆಯಾಗುವುದಿಲ್ಲ.

25ರ ಕಥೆ ಬೇರೆ. ಅದು ಜಗತ್ತಿನ ಎಲ್ಲ ಸರ್ವರ್‌ಗಳೂ ಬರುವ ದಾರಿ. ಅಲ್ಲಿ ಸೆಕ್ಯುರಿಟಿ ಲೆವೆಲ್ 'ಮೇ' (ಸಾಧ್ಯವಾದರೆ ಟಿಎಲ್‌ಎಸ್) ಎಂದೇ ಇರಲಿ. ಕಡ್ಡಾಯ ಮಾಡಿದರೆ ಟಿಎಲ್‌ಎಸ್ ಬಾರದ ಹಳೆಯ ಸರ್ವರ್‌ಗಳ ಮೇಲ್ ನಿಮಗೆ ತಲುಪುವುದೇ ಇಲ್ಲ. ಹಳೆ ಆವೃತ್ತಿ ಬೇಡ ಎಂದು ಅಲ್ಲಿ ಬಿಗಿ ಮಾಡಿದರೂ ಅಂಥ ಸರ್ವರ್ ಎಷ್ಟೋ ಸಲ ಟಿಎಲ್‌ಎಸ್ ಬಿಟ್ಟು ಬರೀ ಪಠ್ಯದಲ್ಲಿ ಕಳಿಸುತ್ತದೆ. ಹಳೆಯ ಬೀಗವೂ ಇಲ್ಲದಂತಾಯಿತು ಅಷ್ಟೇ.

ಹೊರಗಿನಿಂದ ಪರೀಕ್ಷೆ:

ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್ -ಕನೆಕ್ಟ್ ಮೇಲ್.ಎಕ್ಸಾಂಪಲ್.ಕಾಮ್:587 -ಸ್ಟಾರ್ಟ್‌ಟಿಎಲ್‌ಎಸ್ ಎಸ್‌ಎಂಟಿಪಿ

'ವೆರಿಫೈ ರಿಟರ್ನ್ ಕೋಡ್' ಎಂಬ ಸಾಲಿನಲ್ಲಿ 0 ಬರಬೇಕು. 465 ಮತ್ತು 993ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಭಾಗ ಬೇಡ, ಅವು ಮೊದಲ ಕ್ಷಣದಿಂದಲೇ ಟಿಎಲ್‌ಎಸ್. ಇದರ ಹೊರಪಠ್ಯವನ್ನು ಓಪನ್‌ಎಸ್‌ಎಸ್‌ಎಲ್ ಎಕ್ಸ್509 -ನೋಔಟ್ -ಎಂಡ್‌ಡೇಟ್‌ಗೆ ಪೈಪ್ ಮಾಡಿದರೆ ಸರ್ಟಿಫಿಕೇಟ್ ಮುಗಿಯುವ ದಿನ ಸಿಗುತ್ತದೆ.

ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ಬಳಸುವವರಿಗೆ ಒಂದು ಮಾತು. ಅದನ್ನು ನವೀಕರಿಸುವ ಸರ್ಟ್‌ಬಾಟ್ ಹೊಸ ಫೈಲ್ ತಂದಿಟ್ಟರೂ ಡವ್‌ಕಾಟ್ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ರೀಲೋಡ್ ಮಾಡಿದ ಮೇಲೇ ಹೊಸದು ಬಳಕೆಗೆ ಬರುವುದು. ಹಾಗಾಗಿ ಡಿಪ್ಲಾಯ್-ಹುಕ್ ಕೊಡಿ:

ಸರ್ಟ್‌ಬಾಟ್ ರಿನ್ಯೂ --ಡಿಪ್ಲಾಯ್-ಹುಕ್ "ಸಿಸ್ಟಮ್‌ಸಿಟಿಎಲ್ ರೀಲೋಡ್ ಪೋಸ್ಟ್‌ಫಿಕ್ಸ್ ಡವ್‌ಕಾಟ್"

ಲಾಗಿನ್ ಬಿಗಿ ಮಾಡುವುದು

ನಾಲ್ಕು ಕೆಲಸ, ನಾಲ್ಕೂ ಮುಖ್ಯ.

ಒಂದು, ಟಿಎಲ್‌ಎಸ್ ಇಲ್ಲದೆ ಪಾಸ್‌ವರ್ಡ್ ಕೇಳಲೇಬಾರದು. ಎಸ್‌ಎಂಟಿಪಿಡಿ_ಟಿಎಲ್‌ಎಸ್_ಆತ್_ಓನ್ಲಿಗೆ 'ಯೆಸ್' ಹಾಕಿ. ಡವ್‌ಕಾಟ್ 2.3ರಲ್ಲಿ ಇದೇ ಕೆಲಸಕ್ಕೆ ಡಿಸೇಬಲ್_ಪ್ಲೇನ್‌ಟೆಕ್ಸ್ಟ್_ಆತ್ ಇದೆ. 2.4ರಲ್ಲಿ ಅದರ ಹೆಸರು ಆತ್_ಅಲೋ_ಕ್ಲಿಯರ್‌ಟೆಕ್ಸ್ಟ್, ಅರ್ಥವೂ ತಿರುವುಮುರುವು: ಅಲ್ಲಿ 'ನೋ' ಇರಬೇಕು. 2.4ಕ್ಕೆ ಹೋಗುವಾಗ ಇಡೀ ಕಾನ್ಫಿಗ್ ಮತ್ತೆ ಓದಬೇಕಾಗುತ್ತದೆ, ಹಳೆಯದು ಹಾಗೇ ನಡೆಯುವುದಿಲ್ಲ.

ಎರಡು, 25ರಲ್ಲಿ ಲಾಗಿನ್ ಸೌಲಭ್ಯವನ್ನೇ ತೆಗೆಯಿರಿ. ಬಳಕೆದಾರರಿಗೆ 465, 587 ಇವೆ. ಮೇನ್.ಸಿಎಫ್‌ನಲ್ಲಿ ಎಸ್‌ಎಂಟಿಪಿಡಿ_ಎಸ್‌ಎಎಸ್‌ಎಲ್_ಆತ್_ಎನೇಬಲ್‌ಗೆ 'ನೋ', ಮಾಸ್ಟರ್.ಸಿಎಫ್‌ನ ಸಬ್ಮಿಶನ್ (465, 587ರ) ಸಾಲುಗಳಲ್ಲಿ 'ಯೆಸ್'. ಪಾಸ್‌ವರ್ಡ್ ಊಹಿಸುವ ಬಾಟ್‌ಗಳಿಗೆ 25 ಎಂದರೆ ಬಲು ಇಷ್ಟ. ಇದೊಂದು ಮಾಡಿದರೆ ಲಾಗ್ ಎಷ್ಟು ಶಾಂತವಾಗುತ್ತದೆ ನೋಡಿ.

ಮೂರು, ಒಂದು ಖಾತೆಯವರು ಇನ್ನೊಂದು ವಿಳಾಸದ ಹೆಸರಲ್ಲಿ ಕಳಿಸುವುದನ್ನು ತಡೆಯಿರಿ. ಎಸ್‌ಎಂಟಿಪಿಡಿ_ಸೆಂಡರ್_ಲಾಗಿನ್_ಮ್ಯಾಪ್ಸ್‌ನಲ್ಲಿ ಯಾವ ವಿಳಾಸಕ್ಕೆ ಯಾರು ಹಕ್ಕುದಾರರು ಎಂಬ ಪಟ್ಟಿ ಕೊಡಿ. ಸಬ್ಮಿಶನ್‌ನ ಸೆಂಡರ್ ರಿಸ್ಟ್ರಿಕ್ಷನ್ಸ್‌ನಲ್ಲಿ ರಿಜೆಕ್ಟ್_ಸೆಂಡರ್_ಲಾಗಿನ್_ಮಿಸ್‌ಮ್ಯಾಚ್ ಹಾಕಿ. ಪಟ್ಟಿ ಸರಿ ಇದೆಯಾ ಎಂದು ಪೋಸ್ಟ್‌ಮ್ಯಾಪ್ -ಕ್ಯೂ ಜೊತೆ ವಿಳಾಸ ಮತ್ತು ಪಟ್ಟಿಯ ಹೆಸರು ಕೊಟ್ಟು ನೋಡಬಹುದು. ಆಮೇಲೆ ಕೆಲವು ಹಳೆಯ ಸ್ಕ್ರಿಪ್ಟ್‌ಗಳ ಮೇಲ್ ನಿಲ್ಲಬಹುದು. ಅವೂ ತಪ್ಪು ಹೆಸರಲ್ಲೇ ಕಳಿಸುತ್ತಿದ್ದವು ಎಂದು ಆಗ ಗೊತ್ತಾಗುತ್ತದೆ.

ನಾಲ್ಕು, ಪಾಸ್‌ವರ್ಡ್ ಅನ್ನು ಹ್ಯಾಶ್ ಆಗಿ (ವಾಪಸ್ ಬಿಡಿಸಲಾಗದ ರೂಪದಲ್ಲಿ) ಇಡಿ:

ಡವ್‌ಆಡ್ಮ್ ಪಿಡಬ್ಲ್ಯೂ -ಎಸ್ ಬಿಎಲ್‌ಎಫ್-ಕ್ರಿಪ್ಟ್

ಯಾವ ಯಾವ ಬಗೆ ಇದೆ ಎಂದು -ಎಲ್ ಕೊಟ್ಟರೆ ಪಟ್ಟಿ ಬರುತ್ತದೆ. ಅದರಲ್ಲಿ ಆರ್ಗಾನ್2ಐಡಿ ಕಂಡರೆ ಅದನ್ನೇ ಬಳಸಿ. ಹೊಸ ಪಾಸ್‌ವರ್ಡ್ ನಡೆಯುತ್ತದಾ ನೋಡಲು ಡವ್‌ಆಡ್ಮ್ ಆತ್ ಟೆಸ್ಟ್ ಜೊತೆ ಬಳಕೆದಾರರ ಹೆಸರು ಕೊಡಿ. ಪಾಸ್‌ವರ್ಡ್ ಅನ್ನು ಅದೇ ಸಾಲಿನಲ್ಲಿ ಬರೆಯಬೇಡಿ, ಶೆಲ್ ಹಿಸ್ಟರಿಯಲ್ಲಿ ಉಳಿಯುತ್ತದೆ. ಬರೆಯದಿದ್ದರೆ ಅದೇ ಕೇಳುತ್ತದೆ.

ಫೇಲ್2ಬ್ಯಾನ್

ಫೇಲ್2ಬ್ಯಾನ್-ಕ್ಲೈಂಟ್ ಸ್ಟೇಟಸ್
ಫೇಲ್2ಬ್ಯಾನ್-ಕ್ಲೈಂಟ್ ಸ್ಟೇಟಸ್ ಡವ್‌ಕಾಟ್
ಫೇಲ್2ಬ್ಯಾನ್-ಕ್ಲೈಂಟ್ ಸೆಟ್ ಡವ್‌ಕಾಟ್ ಅನ್‌ಬ್ಯಾನ್‌ಐಪಿ 203.0.113.40

ಪದೇ ಪದೇ ತಪ್ಪು ಪಾಸ್‌ವರ್ಡ್ ಕೊಡುವ ಐಪಿಯನ್ನು ಲಾಗ್‌ನಲ್ಲಿ ಕಂಡು ಕೆಲಕಾಲ ತಡೆಯುವುದು ಫೇಲ್2ಬ್ಯಾನ್ ಕೆಲಸ. ಒಂದೊಂದು ಸೇವೆಗೆ ಹಾಕುವ ಕಾವಲು ನಿಯಮಕ್ಕೆ ಅದು ಜೈಲ್ ಎನ್ನುತ್ತದೆ. ಡವ್‌ಕಾಟ್, ಪೋಸ್ಟ್‌ಫಿಕ್ಸ್-ಎಸ್‌ಎಎಸ್‌ಎಲ್ ಎರಡೂ ಜೈಲ್ ಓಡುತ್ತಿರಬೇಕು. ಜೈಲ್ ಓಡುತ್ತಿದೆ, ಆದರೆ 'ಟೋಟಲ್ ಫೇಲ್ಡ್' ಸದಾ 0 ಎಂದರೆ ಅದಕ್ಕೆ ಲಾಗ್ ಸಿಗುತ್ತಿಲ್ಲ. ಫೈಲ್ ಲಾಗ್ ಇಲ್ಲದ ಸರ್ವರ್‌ನಲ್ಲಿ ಬ್ಯಾಕೆಂಡ್ ಅನ್ನು ಸಿಸ್ಟಮ್‌ಡಿ ಎಂದು ಬದಲಿಸಬೇಕು. ಡಿಫಾಲ್ಟ್ ನಿಷೇಧ 10 ನಿಮಿಷ ಮಾತ್ರ. ಬಾಟ್‌ಗಳಿಗೆ ಅದು ಲೆಕ್ಕಕ್ಕೇ ಇಲ್ಲ, ಒಂದು ದಿನಕ್ಕೆ ಏರಿಸಿ. ನಿಮ್ಮ ಸ್ಥಿರ ಐಪಿಯನ್ನು ಇಗ್ನೋರ್‌ಐಪಿಯಲ್ಲಿ ಸೇರಿಸಿಕೊಳ್ಳಿ. ಒಂದೊಂದು ಐಪಿಯಿಂದ ಒಂದೊಂದೇ ಸಲ ಪ್ರಯತ್ನಿಸುವ ದೊಡ್ಡ ಬಾಟ್ ಜಾಲದ ಮುಂದೆ ಫೇಲ್2ಬ್ಯಾನ್ ಏನೂ ಮಾಡಲಾರದು. ಅಲ್ಲಿ ಉಳಿಸುವುದು ಉದ್ದದ ಪಾಸ್‌ವರ್ಡ್ ಮಾತ್ರ.

ಡಿಎನ್‌ಎಸ್ ಸಾಲುಗಳು

ನಿಮ್ಮ ಹೆಸರಲ್ಲಿ ಬೇರೆಯವರು ಮೇಲ್ ಕಳಿಸದಂತೆ, ನಿಮ್ಮ ಮೇಲ್ ಸ್ಪ್ಯಾಮ್‌ಗೆ ಹೋಗದಂತೆ ನೋಡಿಕೊಳ್ಳುವುದು ಇಲ್ಲಿ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಕಳಿಸುವವರಿಗೆ ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಯಾವ ಸರ್ವರ್ ಕಳಿಸಬಹುದು ಎಂಬ ಪಟ್ಟಿ), ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ), ಡಿಮಾರ್ಕ್ (ಇವುಗಳಲ್ಲಿ ಸೋತ ಮೇಲ್ ಅನ್ನು ಏನು ಮಾಡಬೇಕೆಂಬ ಸೂಚನೆ) ಮೂರನ್ನೂ ಕಡ್ಡಾಯ ಮಾಡಿವೆ. ಜಿಮೇಲ್ ಲೆಕ್ಕದಲ್ಲಿ ದಿನಕ್ಕೆ 5000 ಮೇಲ್ ದಾಟಿದರೆ ದೊಡ್ಡ ಪ್ರಮಾಣ. ಚಿಕ್ಕ ಸರ್ವರ್‌ಗಳೂ ಮೂರನ್ನೂ ಮಾಡಿಕೊಳ್ಳುವುದೇ ಲೇಸು.

ಡಿಗ್ +ಶಾರ್ಟ್ ಟಿಎಕ್ಸ್‌ಟಿ ಎಕ್ಸಾಂಪಲ್.ಕಾಮ್
ಡಿಗ್ +ಶಾರ್ಟ್ ಟಿಎಕ್ಸ್‌ಟಿ _ಡಿಮಾರ್ಕ್.ಎಕ್ಸಾಂಪಲ್.ಕಾಮ್
ಡಿಗ್ +ಶಾರ್ಟ್ -ಎಕ್ಸ್ 203.0.113.25

ಎಸ್‌ಪಿಎಫ್‌ನಲ್ಲಿ ಇನ್‌ಕ್ಲೂಡ್‌ಗಳನ್ನು ಪೇರಿಸಬೇಡಿ. ಒಟ್ಟು 10 ಡಿಎನ್‌ಎಸ್ ಹುಡುಕಾಟ ದಾಟಿದರೆ ಇಡೀ ದಾಖಲೆ ದೋಷವೆಂದೇ ಲೆಕ್ಕ. ಮೂರನೇ ಸಾಲು ರಿವರ್ಸ್ ಡಿಎನ್‌ಎಸ್, ಅಂದರೆ ಐಪಿಯಿಂದ ಹೆಸರು ಹುಡುಕುವುದು. ಅಲ್ಲಿ ಬರುವ ಹೆಸರು ಪೋಸ್ಟ್‌ಫಿಕ್ಸ್‌ನ ಮೈಹೋಸ್ಟ್‌ನೇಮ್‌ಗೆ ಹೊಂದಬೇಕು, ಆ ಹೆಸರು ಮತ್ತೆ ಅದೇ ಐಪಿಗೆ ತೋರಿಸಬೇಕು. ಸರ್ವರ್‌ಗೆ ಐಪಿವಿ6 ಇದ್ದರೆ ಅದಕ್ಕೂ ಇದೇ ಬೇಕು. ಐಪಿವಿ4ಕ್ಕೆ ಎಲ್ಲ ಸರಿ ಇದ್ದು, ಐಪಿವಿ6ಕ್ಕೆ ರಿವರ್ಸ್ ಇಲ್ಲದೆ ಮೇಲ್ ತಿರಸ್ಕಾರವಾಗುವುದು ಬಹಳ ಕಡೆ ಕಾಣುವ ತೊಂದರೆ. ಸರಿಪಡಿಸಲು ಆಗದಿದ್ದರೆ ಐನೆಟ್_ಪ್ರೋಟೋಕಾಲ್ಸ್‌ಗೆ ಐಪಿವಿ4 ಎಂದು ಹಾಕಿ. ಇದಕ್ಕೆ ರೀಲೋಡ್ ಸಾಲದು, ಪೋಸ್ಟ್‌ಫಿಕ್ಸ್ ನಿಲ್ಲಿಸಿ ಮತ್ತೆ ಶುರು ಮಾಡಬೇಕು.

ಡಿಕಿಮ್ ಕೀ ಮಾಡಲು:

ಓಪನ್‌ಡಿಕಿಮ್-ಜೆನ್‌ಕೀ -ಬಿ 2048 -ಡಿ ಎಕ್ಸಾಂಪಲ್.ಕಾಮ್ -ಎಸ್ ಮೇಲ್1
ಓಪನ್‌ಡಿಕಿಮ್-ಟೆಸ್ಟ್‌ಕೀ -ಡಿ ಎಕ್ಸಾಂಪಲ್.ಕಾಮ್ -ಎಸ್ ಮೇಲ್1 -ವಿವಿವಿ

2048 ಬಿಟ್ ಕೀ 255 ಅಕ್ಷರದ ಮಿತಿ ದಾಟುತ್ತದೆ. ಅದಕ್ಕೇ ಫೈಲ್‌ನಲ್ಲಿ ಅದು ಉದ್ಧರಣ ಚಿಹ್ನೆಯೊಳಗೆ ತುಂಡುತುಂಡಾಗಿ ಬಂದಿರುತ್ತದೆ. ಡಿಎನ್‌ಎಸ್ ಪುಟದಲ್ಲಿ ಅಂಟಿಸುವಾಗ ತುಂಡುಗಳ ನಡುವೆ ಕೀ ಒಳಗೆ ಜಾಗ ನುಸುಳದಂತೆ ನೋಡಿ. ಡಿಮಾರ್ಕ್ ಅನ್ನು 'ಪಿ=ನನ್' ಇಂದ ಶುರು ಮಾಡಿ. ವರದಿಗಳು ಬರಲಿ, ಮರೆತುಹೋದ ಯಾವುದೋ ಪ್ರೋಗ್ರಾಂ ನಿಮ್ಮ ಹೆಸರಲ್ಲಿ ಕಳಿಸುತ್ತಿದೆಯಾ ಗೊತ್ತಾಗಲಿ. ಆಮೇಲೆ ಕ್ವಾರಂಟೈನ್, ಕೊನೆಗೆ ರಿಜೆಕ್ಟ್.

ಖಾತೆ ಕೈತಪ್ಪಿದಾಗ

ಲಕ್ಷಣ ಸಾಮಾನ್ಯವಾಗಿ ಹೀಗಿರುತ್ತದೆ. ಕ್ಯೂ ಇದ್ದಕ್ಕಿದ್ದಂತೆ ಸಾವಿರಾರು ಮೇಲ್‌ಗೆ ಏರಿದೆ. ಗೊತ್ತಿಲ್ಲದ ಡೊಮೇನ್‌ಗಳು. ಡಿಫರ್ಡ್ ಕಾರಣಗಳಲ್ಲಿ 'ಬ್ಲಾಕ್ಡ್', 'ರೆಪ್ಯುಟೇಶನ್' ಎಂಬ ಪದಗಳು. ಈ ಕ್ರಮದಲ್ಲಿ ಹೋಗಿ.

ಮೊದಲು ರಕ್ತ ನಿಲ್ಲಿಸಿ. ಪೋಸ್ಟ್‌ಸೂಪರ್ -ಎಚ್ ಆಲ್ ಕೊಡಿ. ಆಗಲೇ ಕ್ಯೂನಲ್ಲಿರುವುದು ಹೊರಗೆ ಹೋಗುವುದಿಲ್ಲ. ಹೊಸದು ಬರುತ್ತಲೇ ಇರುತ್ತದೆ, ಆದ್ದರಿಂದ ಮುಂದಿನದು ತಡ ಮಾಡಬೇಡಿ.

ಯಾರು ಎಂದು ಹುಡುಕಿ:

ಗ್ರೆಪ್ -ಒ 'ಎಸ್‌ಎಎಸ್‌ಎಲ್_ಯೂಸರ್‌ನೇಮ್=[^, ]*' /ವಾರ್/ಲಾಗ್/ಮೇಲ್.ಲಾಗ್ | ಸಾರ್ಟ್ | ಯುನಿಕ್ -ಸಿ | ಸಾರ್ಟ್ -ಎನ್‌ಆರ್ | ಹೆಡ್

ಯಾವ ಖಾತೆಯಿಂದ ಎಷ್ಟು ಮೇಲ್ ಬಂದಿದೆ ಎಂದು ಮೇಲಿನಿಂದ ಕೆಳಕ್ಕೆ ಬರುತ್ತದೆ. ಉಳಿದವರದ್ದೆಲ್ಲ ಹತ್ತಿಪ್ಪತ್ತು ಇದ್ದು ಒಬ್ಬರದ್ದು ಮಾತ್ರ ಸಾವಿರಗಟ್ಟಲೆ ಇದ್ದರೆ, ಸಿಕ್ಕಿತು. ಅದು ಸೇಲ್ಸ್@ಎಕ್ಸಾಂಪಲ್.ಕಾಮ್ ಎಂದುಕೊಳ್ಳಿ. ಈ ಪಟ್ಟಿಯಲ್ಲಿ ಯಾರೂ ಎದ್ದು ಕಾಣದಿದ್ದರೆ ಸ್ಪ್ಯಾಮ್ ಲಾಗಿನ್ ಮೂಲಕ ಬರುತ್ತಿಲ್ಲ. ಆಗ ಪೋಸ್ಟ್‌ಫಿಕ್ಸ್/ಪಿಕಪ್ ಸಾಲುಗಳಲ್ಲಿ ಯುಐಡಿ ನೋಡಿ. ಅದೇ ಯಂತ್ರದಲ್ಲಿರುವ ವೆಬ್‌ಸೈಟ್‌ನ ಬಳಕೆದಾರ ಸಂಖ್ಯೆ ಕಂಡರೆ, ಒಡೆದಿರುವುದು ವೆಬ್‌ಸೈಟ್, ಮೇಲ್ ಅಲ್ಲ.

ಮೂರನೆಯದು, ಖಾತೆ ಮುಚ್ಚಿ. ಪಾಸ್‌ವರ್ಡ್ ಬದಲಿಸಿ, ಆಮೇಲೆ:

ಡವ್‌ಆಡ್ಮ್ ಆತ್ ಕ್ಯಾಷ್ ಫ್ಲಶ್
ಡವ್‌ಆಡ್ಮ್ ಕಿಕ್ ಸೇಲ್ಸ್@ಎಕ್ಸಾಂಪಲ್.ಕಾಮ್
ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಪೋಸ್ಟ್‌ಫಿಕ್ಸ್

ಮೂರೂ ಬೇಕು. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ, ಆಗಲೇ ಒಳಗೆ ಬಂದು ಕೂತ ಸಂಪರ್ಕ ಕಡಿಯುವುದಿಲ್ಲ. ಕಿಕ್ ಐಮ್ಯಾಪ್ (ಮೇಲ್ ಓದುವ) ಕಡೆಯವರನ್ನು ಹೊರಹಾಕುತ್ತದೆ. ಮೇಲ್ ಕಳಿಸುತ್ತಿರುವ ಸಂಪರ್ಕ ಕಡಿಯುವುದು ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್‌ನಿಂದ. ಡವ್‌ಆಡ್ಮ್ ಹೂ ಕೊಟ್ಟು ಆ ಹೆಸರು ಇನ್ನೂ ಇದೆಯಾ ನೋಡಿ. ಈಗ ಮತ್ತೊಮ್ಮೆ ಪೋಸ್ಟ್‌ಸೂಪರ್ -ಎಚ್ ಆಲ್ ಕೊಡಿ, ನಡುವೆ ಬಂದದ್ದೂ ನಿಲ್ಲಲಿ.

ನಾಲ್ಕನೆಯದು, ಸ್ಪ್ಯಾಮ್ ಮಾತ್ರ ಅಳಿಸಿ:

ಪೋಸ್ಟ್‌ಕ್ಯೂ -ಜೆ | ಜೆಕ್ಯೂ -ಆರ್ 'ಸೆಲೆಕ್ಟ್(.ಸೆಂಡರ್=="ಸೇಲ್ಸ್@ಎಕ್ಸಾಂಪಲ್.ಕಾಮ್") | .ಕ್ಯೂ_ಐಡಿ' | ಪೋಸ್ಟ್‌ಸೂಪರ್ -ಡಿ -

-ಜೆ ಇರುವುದು ಪೋಸ್ಟ್‌ಫಿಕ್ಸ್ 3.1ರಿಂದ. ಕೊನೆಯ ಒಂಟಿ ಅಡ್ಡಗೆರೆ ಬಿಡಬೇಡಿ, ಐಡಿಗಳನ್ನು ಪೈಪ್‌ನಿಂದ ಓದು ಎಂದು ಅದರ ಅರ್ಥ. ಮೊದಲು ಕೊನೆಯ ಪೈಪ್ ಇಲ್ಲದೆ ಓಡಿಸಿ ಪಟ್ಟಿ ನೋಡಿ. ಕೆಲವನ್ನು ಪೋಸ್ಟ್‌ಕ್ಯಾಟ್‌ನಿಂದ ತೆರೆದು ನೋಡಿ, ನಿಜವಾಗಿ ಸ್ಪ್ಯಾಮ್ ಎಂದು ಖಾತ್ರಿಯಾದ ಮೇಲೆ ಅಳಿಸಿ. ಕಳ್ಳ ಬೇರೆ ಬೇರೆ ಸುಳ್ಳು ವಿಳಾಸದಿಂದ ಕಳಿಸಿದ್ದರೆ ಸೆಂಡರ್ ಹಿಡಿದು ಹುಡುಕಿದರೆ ಸಿಗುವುದಿಲ್ಲ. ಆಗ ಲಾಗ್‌ನಲ್ಲಿ ಆ ಖಾತೆಯ ಹೆಸರಿರುವ ಸಾಲುಗಳಿಂದ ಕ್ಯೂ ಐಡಿ ತೆಗೆದು, ಕೊನೆಯ ಕೋಲನ್ ಕಿತ್ತು, ಅದೇ ಪೋಸ್ಟ್‌ಸೂಪರ್‌ಗೆ ಕೊಡಬೇಕು. ಹಳೆಯ ಸಮಯ ಮುದ್ರೆಯ ಲಾಗ್‌ನಲ್ಲಿ ಐಡಿ 6ನೇ ಕಾಲಂ, ಹೊಸ ರೀತಿಯದರಲ್ಲಿ 4ನೇ ಕಾಲಂ. ಲಾಗಿನ್ ಬಿಗಿ ಮಾಡುವ ಭಾಗದಲ್ಲಿ ಮೂರನೆಯದಾಗಿ ಹೇಳಿದ ಲಾಗಿನ್ ಮಿಸ್‌ಮ್ಯಾಚ್ ತಡೆ ಮೊದಲೇ ಹಾಕಿದ್ದರೆ ಈ ಕಷ್ಟವೇ ಇರುತ್ತಿರಲಿಲ್ಲ.

ಐದನೆಯದನ್ನು ತುಂಬಾ ಜನ ಮರೆಯುತ್ತಾರೆ. ಕಳ್ಳ ಹೋಗುವಾಗ ಫಾರ್ವರ್ಡ್ ನಿಯಮ ಬಿಟ್ಟುಹೋಗಿರಬಹುದು. ಪಾಸ್‌ವರ್ಡ್ ಬದಲಾದರೂ ಆ ನಿಯಮ ಬದುಕಿರುತ್ತದೆ, ಬರುವ ಪ್ರತಿ ಮೇಲ್‌ನ ಪ್ರತಿಯೂ ಹೊರಗೆ ಹೋಗುತ್ತಿರುತ್ತದೆ.

ಡವ್‌ಆಡ್ಮ್ ಸೀವ್ ಲಿಸ್ಟ್ -ಯು ಸೇಲ್ಸ್@ಎಕ್ಸಾಂಪಲ್.ಕಾಮ್

ಸೀವ್ ಎಂದರೆ ಬರುವ ಮೇಲ್ ವಿಂಗಡಿಸುವ ನಿಯಮಗಳ ಸ್ಕ್ರಿಪ್ಟ್. ಸೀವ್ ಗೆಟ್ ಕೊಟ್ಟು ಪ್ರತಿ ಸ್ಕ್ರಿಪ್ಟ್ ಓದಿ. 'ರೀಡೈರೆಕ್ಟ್' ಎಂಬ ಪದ ಹುಡುಕಿ. ಬೇರೆ ಖಾತೆಗಳಿಗೂ ಅದೇ ಕಳ್ಳನ ಐಪಿಯಿಂದ ಲಾಗಿನ್ ಆಗಿದೆಯಾ ಎಂದು ಲಾಗ್‌ನಲ್ಲಿ ನೋಡಿ.

ಇಷ್ಟಾದ ಮೇಲೆ ದೊಡ್ಡಕ್ಷರದ -ಎಚ್ ಕೊಟ್ಟು ಉಳಿದ ಒಳ್ಳೆಯ ಮೇಲ್ ಬಿಡಿ. ಬ್ಲ್ಯಾಕ್‌ಲಿಸ್ಟ್‌ನಿಂದ ಹೆಸರು ತೆಗೆಸುವ ಅರ್ಜಿ ಈಗ ಹಾಕಿ, ಮುಂಚೆ ಅಲ್ಲ. ಸ್ಪ್ಯಾಮ್ ಇನ್ನೂ ಹೋಗುತ್ತಿರುವಾಗ ತೆಗೆಸಿದರೆ ಮತ್ತೆ ಸೇರಿಸುತ್ತಾರೆ, ಎರಡನೇ ಸಲ ತೆಗೆಸುವುದು ಇನ್ನೂ ಕಷ್ಟ.

ಮುಂದೆ ಹೀಗಾಗದಿರಲು ಪ್ರತಿ ಖಾತೆಗೆ ಗಂಟೆಗೆ ಇಷ್ಟೇ ಮೇಲ್ ಎಂಬ ಮಿತಿ ಬೇಕು. ಪೋಸ್ಟ್‌ಫಿಕ್ಸ್‌ನ ಎಸ್‌ಎಂಟಿಪಿಡಿ_ಕ್ಲೈಂಟ್_ಮೆಸೇಜ್_ರೇಟ್_ಲಿಮಿಟ್ ಐಪಿ ಲೆಕ್ಕದಲ್ಲಿ ಎಣಿಸುತ್ತದೆ, ಖಾತೆ ಲೆಕ್ಕದಲ್ಲಿ ಅಲ್ಲ. ನೂರು ಐಪಿಯಿಂದ ಬರುವ ಕಳ್ಳನಿಗೆ ಅದು ತಡೆಯಲ್ಲ. ಆರ್‌ಸ್ಪ್ಯಾಮ್‌ಡಿಯ ರೇಟ್‌ಲಿಮಿಟ್ ಅಥವಾ ಪ್ರತ್ಯೇಕ ಪಾಲಿಸಿ ಪ್ರೋಗ್ರಾಂ ಬಳಸಿ.

ಅಪ್‌ಡೇಟ್ ಮತ್ತು ಬ್ಯಾಕಪ್

2023ರ ಡಿಸೆಂಬರ್‌ನಲ್ಲಿ ಎಸ್‌ಎಂಟಿಪಿ ಸ್ಮಗ್ಲಿಂಗ್ ಎಂಬ ದೋಷ ಬಯಲಾಯಿತು. ಸಾಲಿನ ಕೊನೆಯನ್ನು ಎರಡು ಸರ್ವರ್ ಬೇರೆ ಬೇರೆ ರೀತಿ ಅರ್ಥ ಮಾಡಿಕೊಳ್ಳುವುದನ್ನು ಬಳಸಿ ಒಂದು ಮೇಲ್ ಒಳಗೆ ಇನ್ನೊಂದನ್ನು ಅಡಗಿಸಿ ಕಳಿಸಬಹುದಿತ್ತು. ನಿಮ್ಮದು ಪೋಸ್ಟ್‌ಫಿಕ್ಸ್ 3.9 ಅಥವಾ ಮುಂದಿನದಾದರೆ ತಡೆ ತಾನಾಗಿ ಇರುತ್ತದೆ. ಹಳೆಯದಾದರೆ ಪೋಸ್ಟ್‌ಕಾನ್ಫ್ ಎಸ್‌ಎಂಟಿಪಿಡಿ_ಫರ್ಬಿಡ್_ಬೇರ್_ನ್ಯೂಲೈನ್ ಕೊಟ್ಟು 'ನೋ' ಎಂದು ಬರುತ್ತದಾ ನೋಡಿ. ಬಂದರೆ ಆನ್ ಮಾಡಿ. ಆವೃತ್ತಿ ತಿಳಿಯಲು ಪೋಸ್ಟ್‌ಕಾನ್ಫ್ ಮೇಲ್_ವರ್ಷನ್. ಭದ್ರತಾ ಅಪ್‌ಡೇಟ್‌ಗಳು ತಾವಾಗಿ ಬರಲು ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಹಾಕಿ.

ಮೇಲ್‌ಗಳ ಬ್ಯಾಕಪ್‌ಗೆ ಡವ್‌ಆಡ್ಮ್ ಬ್ಯಾಕಪ್ ಇದೆ:

ಡವ್‌ಆಡ್ಮ್ ಬ್ಯಾಕಪ್ -ಯು ಸೇಲ್ಸ್@ಎಕ್ಸಾಂಪಲ್.ಕಾಮ್ ಮೇಲ್‌ಡಿರ್:/ಬ್ಯಾಕಪ್/ಸೇಲ್ಸ್

ಇದು ಗುರಿಯನ್ನು ಮೂಲದಂತೆಯೇ ಮಾಡುತ್ತದೆ. ಮೂಲದಲ್ಲಿ ಅಳಿಸಿದ್ದು ಮುಂದಿನ ಬ್ಯಾಕಪ್‌ನಲ್ಲೂ ಅಳಿಯುತ್ತದೆ. ಹಾಗಾಗಿ /ಬ್ಯಾಕಪ್ ಅನ್ನು ದಿನದ ಪ್ರತಿಗಳಾಗಿ ಬೇರೆ ಯಂತ್ರದಲ್ಲಿ ಇಡಿ. ಜೊತೆಗೆ /ಎಟ್ಸಿ, ಬಳಕೆದಾರರ ಡೇಟಾಬೇಸ್ ಮತ್ತು ಡಿಕಿಮ್ ಖಾಸಗಿ ಕೀ ಸೇರಬೇಕು. ತಿಂಗಳಿಗೊಮ್ಮೆ ಒಂದು ಖಾತೆಯನ್ನು ಪರೀಕ್ಷೆಯ ಯಂತ್ರಕ್ಕೆ ವಾಪಸ್ ತಂದು, ಅದರಲ್ಲಿ ಲಾಗಿನ್ ಆಗಿ, ಹಳೆಯ ಮೇಲ್ ಒಂದನ್ನು ಅಟ್ಯಾಚ್‌ಮೆಂಟ್ ಸಮೇತ ತೆರೆದು ನೋಡಿ.